ಪರರ ಕನ್ನಡಿಯಲ್ಲಿ ಜೈನ ಸಮಾಜ

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಮುನಿಗಳು ಸಹಿಸಬೇಕಾದ 22 ಪರೀಷಹಗಳನ್ನು ಹೆಸರಿಸಿದ್ದಾರೆ. ಹಸಿವು, ನೀರಡಿಕೆ, ಚಳಿ, ಸೆಕೆ, ಸೊಳ್ಳೆಗಳ ಬಾಧೆ ಮೊದಲಾದವು ಕಷ್ಟಗಳೆಂಬುದು ಯಾರಿಗಾದರೂ ಸುಲಭವಾಗಿ ತಿಳಿಯುತ್ತದೆ. ಆದರೆ ಅದೇ ಪಟ್ಟಿಯಲ್ಲಿ ಆಕ್ರೋಶವೂ ಇದೆ, ಸತ್ಕಾರ-ಪುರಸ್ಕಾರವೂ ಇದೆ. ಪರರ ಬೈಗುಳನ್ನು ಸಹಿಸಬೇಕೆಂಬುದು ಸರಿ. ಪರರು ತೋರುವ ಗೌರವವನ್ನು ಅದೇ ಸಾಲಿನಲ್ಲಿ ಇರಿಸಿರುವುದೇಕೆ? ಗೌರವ ದೊರೆಯದಿದ್ದಾಗ ಮನಸ್ಸು ಕಲುಷಗೊಳ್ಳುತ್ತದೆ. ದೊರೆತಾಗ ಅದರಲ್ಲಿಯೇ ಆಸಕ್ತಿ ಬೆಳೆಯುತ್ತದೆ. ಎರಡು ಸಂದರ್ಭಗಳಲ್ಲಿಯೂ ಮನುಷ್ಯನು ತನ್ನನ್ನು ತಾನು ನೋಡಿಕೊಳ್ಳುವುದನ್ನು ಬಿಟ್ಟು, ಪರರು ತನ್ನನ್ನು ಹೇಗೆ ನೋಡುತ್ತಿದ್ದಾರೆ ಎಂಬುದನ್ನೇ ನೋಡತೊಡಗುತ್ತಾನೆ. ನಿಂದೆಯಂತೆ ಸ್ತುತಿಯೂ ಒಂದು ಪರೀಕ್ಷೆಯಾಗುವುದು ಇದರಿಂದಲೇ.

ಈ ನಿಯಮವನ್ನು ಹೇಳಿದ್ದು ಮುನಿಗಳಿಗಾಗಿ. ಆದರೆ ಒಂದು ಸಮಾಜಕ್ಕೂ ಇದು ಎಷ್ಟರಮಟ್ಟಿಗೆ ಅನ್ವಯಿಸುತ್ತದೆ ಎಂಬುದನ್ನು ಜೈನರ ಕಳೆದ ಎರಡು ಶತಮಾನಗಳ ಇತಿಹಾಸ ತೋರಿಸಿಕೊಡುತ್ತದೆ. ಆ ಅವಧಿಯಲ್ಲಿ ಜೈನ ಸಮಾಜವು ಪರರ ನಿಂದೆಯಿಂದ ಕುಗ್ಗಿದ್ದೂ ಉಂಟು, ಪರರ ಪ್ರಶಂಸೆಯಿಂದ ಉಬ್ಬಿದ್ದೂ ಉಂಟು. ಎರಡೂ ಕೂಡಿ ಅದರ ಆತ್ಮಪರಿಚಯವನ್ನೇ ಮಾರ್ಪಡಿಸಿದವು.

ಹಿಂದಿನ ಆತ್ಮಪರಿಚಯ

ಕರ್ನಾಟಕದ ಶಾಸನಗಳಲ್ಲಿ ಒಬ್ಬ ಶ್ರಾವಕನು ತನ್ನನ್ನು ಪರಿಚಯಿಸಿಕೊಳ್ಳುವ ಕ್ರಮ ಗಮನಾರ್ಹವಾದುದು. ಮೂಲಸಂಘ, ದೇಶಿಯಗಣ, ಪುಸ್ತಕಗಚ್ಛ, ಕೊಂಡಕುಂದಾನ್ವಯ ಎಂದು ಗುರುವಿನ ಪರಂಪರೆ ಮೊದಲು ಬರುತ್ತದೆ. ಆ ಬಳಿಕ ಇಂತಹ ಆಚಾರ್ಯರ ಗುಡ್ಡ, ಇಂತಹವರ ಗುಡ್ಡಿ ಎಂದು ಶಿಷ್ಯತ್ವದ ಮಾತು ಬರುತ್ತದೆ. ಅನಂತರ ತಂದೆ-ತಾಯಿ, ಊರು, ಮಾಡಿದ ದಾನ. ಇಲ್ಲಿ ‘ನೀನು ಯಾರು?’ ಎಂಬ ಪ್ರಶ್ನೆಗೆ ಉತ್ತರ ದೊರೆಯುವುದು ಗುರುವಿನಿಂದ ಮತ್ತು ಆಚರಣೆಯಿಂದ.

ಅಂದಿಗೂ ಪರರ ದೃಷ್ಟಿ ಇರಲಿಲ್ಲವೆಂದಲ್ಲ. ಜೈನರಿಗೂ ಶ್ರೀವೈಷ್ಣವರಿಗೂ ವಿವಾದ ಉಂಟಾದಾಗ ವಿಜಯನಗರದ ಬುಕ್ಕರಾಯನು ನಡೆಸಿದ ರಾಜಿಯನ್ನು ಶ್ರವಣಬೆಳಗೊಳದ 1368ರ ಶಾಸನ ದಾಖಲಿಸಿದೆ. ಅಲ್ಲಿ ಜೈನರು ರಾಜನ ರಕ್ಷಣೆಯನ್ನು ಕೋರಿದರು, ಪಡೆದರು. ಆದರೆ ತಾವು ಯಾರು ಎಂಬುದನ್ನು ತಿಳಿಯಲು ಅವರಿಗೆ ರಾಜನ ತೀರ್ಪು ಬೇಕಾಗಿರಲಿಲ್ಲ. 19ನೆಯ ಶತಮಾನದಲ್ಲಿ ಬದಲಾದುದು ಈ ಸಂಗತಿಯೇ.

ಕನಕಗಿರಿಯಲ್ಲಿ ಕೇಳಿದ ಪ್ರಶ್ನೆ

1799ರಲ್ಲಿ ಟಿಪ್ಪುವಿನ ಪತನವಾದ ಮೇಲೆ ಕಂಪನಿ ಸರ್ಕಾರವು ಮೈಸೂರು ಸೀಮೆಯ ಮೋಜಣಿಯನ್ನು ಕಾಲಿನ್ ಮೆಕೆಂಜಿ ಎಂಬ ಅಧಿಕಾರಿಗೆ ವಹಿಸಿತು. ಆತನು ನೆಲವನ್ನು ಅಳೆಯಿಸಿದುದಲ್ಲದೆ ಹೋದಲ್ಲೆಲ್ಲ ಶಾಸನ, ಕೈಫಿಯತ್ತು, ಓಲೆಗರಿಗಳನ್ನು ಸಂಗ್ರಹಿಸಿದನು. ಅದೇ ಸುಮಾರಿನಲ್ಲಿ, 1800-01ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಮೈಸೂರು, ಕನ್ನಡ ಜಿಲ್ಲೆಗಳಲ್ಲಿ ಸಂಚರಿಸಿ ತುಳುನಾಡಿನ ಜೈನರ ವಿವರಗಳನ್ನು ಬರೆದುಕೊಂಡನು. ಇವರಿಬ್ಬರ ಟಿಪ್ಪಣಿಗಳೂ ಕೋಲ್‌ಬ್ರೂಕ್ ಎಂಬ ವಿದ್ವಾಂಸನ ಲೇಖನವೂ ಕಲ್ಕತ್ತೆಯ ‘ಏಷಿಯಾಟಿಕ್ ರಿಸರ್ಚಸ್’ ಪತ್ರಿಕೆಯ ಒಂಬತ್ತನೆಯ ಸಂಪುಟದಲ್ಲಿ ಒಟ್ಟಿಗೆ ಅಚ್ಚಾದವು. ಯುರೋಪಿನ ಓದುಗರಿಗೆ ಜೈನರು ವಿವರವಾಗಿ ಪರಿಚಯವಾದುದು ಈ ಬರಹಗಳ ಮೂಲಕ. ಮೆಕೆಂಜಿಗಾಗಿ ಜೈನ ಪುರೋಹಿತರೊಬ್ಬರ ಮಾತನ್ನು ಅನುವಾದಿಸಿದವನು ಕಾವಲಿ ವೆಂಕಟ ಬೋರಯ್ಯ ಎಂಬ ತೆಲುಗು ಬ್ರಾಹ್ಮಣ. ಹೇಳಿದವನು ಜೈನ, ಅನುವಾದಿಸಿದವನು ಬ್ರಾಹ್ಮಣ, ಬರೆಯಿಸಿಕೊಂಡವನು ಸ್ಕಾಟ್ಲೆಂಡಿನವನು. ಆ ಚಿತ್ರ ಎಷ್ಟು ಕೈಗಳನ್ನು ದಾಟಿ ಹೋಯಿತೆಂಬುದನ್ನು ಇದರಿಂದ ಊಹಿಸಬಹುದು.

ಮೆಕೆಂಜಿಯ ಪ್ರಶ್ನೆಗಳು ಕರ್ನಾಟಕದ ಒಂದು ಜೈನ ಮನೆಯಲ್ಲಿಯೂ ಫಲ ನೀಡಿದವು. 1804ರಲ್ಲಿ ಆತನು ಚಾಮರಾಜನಗರದ ಸಮೀಪದ ಮಲೆಯೂರಿನ ಕನಕಗಿರಿಗೆ ಬಂದಾಗ ದೇವಚಂದ್ರ ಎಂಬ ಜೈನ ಪಂಡಿತನು ಅವನನ್ನು ಕಂಡನು. ಸ್ಥಳದ ಪೂರ್ವವೃತ್ತಾಂತ ತಿಳಿದವರು ಯಾರು ಎಂಬ ವಿಚಾರಣೆ ಅಲ್ಲಿ ನಡೆಯಿತು. ಮೂರು ದಶಕಗಳಿಗೂ ಹೆಚ್ಚು ಕಾಲ ಕಳೆದ ಮೇಲೆ, 1838ರ ಸುಮಾರಿಗೆ, ಅದೇ ದೇವಚಂದ್ರನು ‘ರಾಜಾವಳಿಕಥೆ’ ಎಂಬ ದೊಡ್ಡ ಗದ್ಯಗ್ರಂಥವನ್ನು ರಚಿಸಿದನು. ಭದ್ರಬಾಹು-ಚಂದ್ರಗುಪ್ತರ ಕಥೆ, ರಾಜವಂಶಗಳ ವಿವರ, ಕವಿಗಳ ಚರಿತ್ರೆ, ಜಾತಿಗಳ ಹುಟ್ಟು ಎಲ್ಲವೂ ಅದರಲ್ಲಿ ಸೇರಿವೆ. ಜೈನ ಕವಿಗಳು ಸಾವಿರ ವರ್ಷ ಪುರಾಣಗಳನ್ನು ಬರೆದಿದ್ದರು. ತಮ್ಮ ಸಮಾಜದ ಇತಿಹಾಸವೆಂದು ಹೀಗೆ ಒಂದೆಡೆ ಕೂಡಿಸಿ ಬರೆಯುವ ಯತ್ನ ಕನ್ನಡದಲ್ಲಿ ಹೊಸದು. ಹೊರಗಿನವನ ಕುತೂಹಲವು ಒಳಗಿನವನ ನೆನಪನ್ನು ಎಚ್ಚರಿಸಿದ ಉದಾಹರಣೆ ಇದು. ಪರರ ದೃಷ್ಟಿಯೆಲ್ಲವೂ ಹಾನಿಕರವೆಂದು ತಿಳಿಯುವವರು ದೇವಚಂದ್ರನನ್ನು ನೆನೆಯಬೇಕು.

ಥಾಮಸ್ ಹಿಕ್ಕಿ ಎಂಬ ಕಲಾವಿದನು 1816ರಲ್ಲಿ ಬರೆದ ಮೆಕೆಂಜಿಯ ಭಾವಚಿತ್ರವೊಂದು ಪ್ರಸಿದ್ಧವಾಗಿದೆ. ಕೆಂಪು ಅಂಗಿಯ ಅಧಿಕಾರಿಯ ಸುತ್ತ ಮೂವರು ಭಾರತೀಯ ಸಹಾಯಕರು ನಿಂತಿದ್ದಾರೆ. ದೂರದಲ್ಲಿ ಗೊಮ್ಮಟನ ವಿಗ್ರಹ ಕಾಣುತ್ತದೆ. ಸಹಾಯಕರಲ್ಲಿ ಒಬ್ಬನನ್ನು ಜೈನ ಪಂಡಿತ ಧರ್ಮಯ್ಯನೆಂದು ವಿದ್ವಾಂಸರು ಗುರುತಿಸಿದ್ದಾರೆ. ಶಾಸನಗಳನ್ನು ಓದಿ ಹೇಳಿದ ಪಂಡಿತನು ಚಿತ್ರದಲ್ಲಿ ಹಿಂದಿನ ಸಾಲಿನವನು. ಮುಂದಿನ ನೂರು ವರ್ಷಗಳ ಕಾಲ ಜೈನರ ಬಗ್ಗೆ ನಡೆದ ಬರವಣಿಗೆಯಲ್ಲಿಯೂ ಜೈನನ ಸ್ಥಾನ ಬಹುಮಟ್ಟಿಗೆ ಇದೇ ಆಗಿತ್ತು.

ಬೌದ್ಧರ ಶಾಖೆಯೆಂಬ ಮಾತು

ಮೊದಲ ಲೇಖಕರು ಜೈನಧರ್ಮವನ್ನು ಎಲ್ಲಿಡಬೇಕೆಂದು ತಿಳಿಯದೆ ತೊಳಲಿದರು. ಮಹಾವೀರಸ್ವಾಮಿಯ ಗಣಧರರಾದ ಇಂದ್ರಭೂತಿ ಗೌತಮರೇ ಗೌತಮ ಬುದ್ಧನಿರಬೇಕೆಂದು ಕೋಲ್‌ಬ್ರೂಕನು ಊಹಿಸಿದನು. ಹೆಸರಿನ ಸಾಮ್ಯವೊಂದೇ ಅದಕ್ಕೆ ಮುಖ್ಯ ಆಧಾರ. ಎಚ್.ಎಚ್. ವಿಲ್ಸನ್ 1828 ಮತ್ತು 1832ರಲ್ಲಿ ಪ್ರಕಟಿಸಿದ ದೀರ್ಘ ಲೇಖನದಲ್ಲಿ ಜೈನರನ್ನು ಹಿಂದೂ ಪಂಥಗಳ ಸಾಲಿಗೆ ಸೇರಿಸಿ, ಅವರ ಧರ್ಮ ಬಹಳ ಈಚಿನದೆಂದು ವಾದಿಸಿದನು. ಜರ್ಮನಿಯ ಲಾಸೆನ್ ಜೈನರು ಬೌದ್ಧರಿಂದ ಒಡೆದ ಶಾಖೆಯೆಂದನು. ಅರ್ಹಂತ, ಜಿನ ಮೊದಲಾದ ಪದಗಳು ಇಬ್ಬರಲ್ಲಿಯೂ ಇವೆ. ಇಬ್ಬರೂ ಅಹಿಂಸೆಯನ್ನು ಹೇಳುತ್ತಾರೆ. ಇಬ್ಬರೂ ಅಪಾರವಾದ ಕಾಲಗಣನೆ ಮಾಡುತ್ತಾರೆ. ಆದ್ದರಿಂದ ಒಬ್ಬರು ಇನ್ನೊಬ್ಬರಿಂದ ಪಡೆದಿರಬೇಕು ಎಂಬುದು ಅವನ ತರ್ಕ.

ಈ ಅಭಿಪ್ರಾಯಗಳು ಪಾಠಪುಸ್ತಕಗಳಿಗೆ ಇಳಿದವು. ಇಂಗ್ಲಿಷ್ ಶಾಲೆಗೆ ಹೋದ ಜೈನ ತರುಣನು ಮನೆಯಲ್ಲಿ ಇಪ್ಪತ್ನಾಲ್ಕು ತೀರ್ಥಂಕರರ ಹೆಸರು ಹೇಳಿ, ಶಾಲೆಯಲ್ಲಿ ತನ್ನ ಧರ್ಮ ಬೌದ್ಧಧರ್ಮದ ಕೊಂಬೆಯೆಂದು ಓದಬೇಕಾಯಿತು. ಮನೆಯ ಮಾತಿಗೆ ಅಜ್ಜಿಯ ಸಾಕ್ಷಿ, ಶಾಲೆಯ ಮಾತಿಗೆ ಅಚ್ಚಿನ ಸಾಕ್ಷಿ.

ಈ ತಪ್ಪನ್ನು ತಿದ್ದಿದವನೂ ಹೊರಗಿನವನೇ. ಹರ್ಮನ್ ಯಾಕೋಬಿ ಎಂಬ ಜರ್ಮನ್ ವಿದ್ವಾಂಸನು 1879ರಲ್ಲಿ ಕಲ್ಪಸೂತ್ರವನ್ನು ಸಂಪಾದಿಸಿ ಪ್ರಕಟಿಸಿದನು. 1884ರಲ್ಲಿ ಆಚಾರಾಂಗ ಮತ್ತು ಕಲ್ಪಸೂತ್ರಗಳ ಇಂಗ್ಲಿಷ್ ಅನುವಾದವನ್ನು ಹೊರತಂದು, ಅದರ ಮುನ್ನುಡಿಯಲ್ಲಿ ಲಾಸೆನ್ನನ ವಾದಗಳನ್ನು ಒಂದೊಂದಾಗಿ ಖಂಡಿಸಿದನು. ಅವನ ಪ್ರಬಲ ಸಾಕ್ಷ್ಯ ದೊರೆತದ್ದು ಜೈನರ ಪ್ರತಿವಾದಿಗಳ ಗ್ರಂಥಗಳಲ್ಲಿ. ಪಾಲಿ ಪಿಟಕಗಳಲ್ಲಿ ನಿಗಂಠರ ಮಾತು ಮತ್ತೆ ಮತ್ತೆ ಬರುತ್ತದೆ. ಅವರ ನಾಯಕ ನಾಟಪುತ್ತನು ಬುದ್ಧನ ಸಮಕಾಲೀನ. ಅವನು ಪಾವೆಯಲ್ಲಿ ದೇಹಬಿಟ್ಟನು. ಈ ನಾಟಪುತ್ತನೇ ಮಹಾವೀರ. ಬೌದ್ಧರು ಎಲ್ಲಿಯೂ ನಿಗಂಠರನ್ನು ಹೊಸದಾಗಿ ಹುಟ್ಟಿದ ಪಂಥವೆಂದು ಹೇಳುವುದಿಲ್ಲ. ಅವರು ನಾಟಪುತ್ತನ ಬಾಯಲ್ಲಿ ಇರಿಸಿರುವ ಚಾತುರ್ಯಾಮವು ಪಾರ್ಶ್ವನಾಥಸ್ವಾಮಿಯ ಪರಂಪರೆಯದೆಂದು ಯಾಕೋಬಿ ತೋರಿಸಿದನು. ಅಣಕಿಸಲೆಂದು ಬರೆದ ಎದುರಾಳಿಯ ಮಾತೇ ಎರಡು ಸಾವಿರ ವರ್ಷಗಳ ಬಳಿಕ ಜೈನರ ಪ್ರಾಚೀನತೆಗೆ ಸಾಕ್ಷಿಯಾಯಿತು. ಮಥುರೆಯ ಕಂಕಾಲಿ ದಿಬ್ಬದಲ್ಲಿ 1888ರಿಂದ 1891ರವರೆಗೆ ನಡೆದ ಉತ್ಖನನದಲ್ಲಿ ಕುಷಾಣರ ಕಾಲದ ಜಿನಬಿಂಬಗಳೂ ಶಾಸನಗಳೂ ದೊರೆತಾಗ, ಅವುಗಳಲ್ಲಿರುವ ಗಣ-ಕುಲ-ಶಾಖೆಗಳ ಹೆಸರು ಕಲ್ಪಸೂತ್ರದ ಸ್ಥವಿರಾವಳಿಗೆ ಹೊಂದುವುದನ್ನು ಬ್ಯೂಲರ್ ತೋರಿಸಿದನು.

ಸಮಾಜದ ಹರ್ಷಕ್ಕೆ ಪಾರವಿರಲಿಲ್ಲ. ಆದರೆ ಆ ಹರ್ಷದೊಡನೆ ಒಂದು ಅಭ್ಯಾಸವೂ ಬಂದಿತು. ಜೈನಧರ್ಮದ ಪ್ರಾಚೀನತೆಯನ್ನು ಹೇಳುವಾಗ ಆಗಮಕ್ಕಿಂತ ಮೊದಲು ಯಾಕೋಬಿಯ ಹೆಸರನ್ನು ಎತ್ತುವ ಅಭ್ಯಾಸ ಅದು. ಪರರು ಅಲ್ಲಗಳೆದಾಗ ಅಳುಕಿದವರು ಪರರು ಒಪ್ಪಿದಾಗ ನೆಮ್ಮದಿಗೊಂಡರು; ತಕ್ಕಡಿ ಮಾತ್ರ ಪರರ ಕೈಯಲ್ಲಿಯೇ ಉಳಿಯಿತು. ಆ ಪರಾವಲಂಬನದ ಅಪಾಯ ಬೇಗನೆ ತಿಳಿಯಿತು. 1915ರಲ್ಲಿ ಸಿಂಕ್ಲೇರ್ ಸ್ಟೀವನ್ಸನ್ ಎಂಬ ಮಿಷನರಿ ಮಹಿಳೆ ಜೈನಧರ್ಮದ ಹೃದಯವೆಂಬ ಹೆಸರಿನ ಗ್ರಂಥವನ್ನು ಆಕ್ಸ್‌ಫರ್ಡಿನಿಂದ ಪ್ರಕಟಿಸಿದಳು. ವ್ರತ, ಹಬ್ಬ, ಆಚಾರಗಳನ್ನು ಶ್ರಮಪಟ್ಟು ವಿವರಿಸಿದ ಆ ಗ್ರಂಥದ ಕೊನೆಯ ಅಧ್ಯಾಯವು, ಕ್ಷಮಿಸುವ ದೇವರಿಲ್ಲದ ಈ ಧರ್ಮದ ಹೃದಯ ಬರಿದೆಂದು ತೀರ್ಮಾನಿಸಿತು. ಕರ್ತೃವಾದ ಈಶ್ವರನನ್ನು ಒಪ್ಪದಿರುವುದು ಕೊರತೆಯಲ್ಲ, ಸಿದ್ಧಾಂತ. ಆದರೆ ಇಂತಹ ಮಾತಿಗೆ ಉತ್ತರ ಹೇಳಲು ಸಿದ್ಧಾಂತವನ್ನು ಓದಿರಬೇಕು. ಚಂಪತರಾಯ ಜೈನ್, ಜುಗಮಂದರಲಾಲ್ ಜೈನಿ, ಅಣ್ಣಾಸಾಹೇಬ ಲಠ್ಠೆ ಮೊದಲಾದವರು ಇಂಗ್ಲಿಷಿನಲ್ಲಿ ಬರೆಯಲು ಮುಂದಾದುದು ಈ ಅಗತ್ಯವನ್ನು ಮನಗಂಡೇ. ಲಠ್ಠೆಯವರ ಜೈನಧರ್ಮದ ಪರಿಚಯಗ್ರಂಥ 1905ರಲ್ಲಿಯೇ ಹೊರಬಂದಿತ್ತು.

ತೆರೆದ ಭಂಡಾರ, ಮುಚ್ಚಿದ ಭಂಡಾರ

ಪರರು ತಪ್ಪಾಗಿ ಕಂಡರೆಂದು ದೂರುವ ಮೊದಲು ಅವರಿಗೆ ತೋರಿಸಿದುದೇನು ಎಂಬ ಪ್ರಶ್ನೆಯನ್ನೂ ಕೇಳಬೇಕಾಗುತ್ತದೆ. ಯಾಕೋಬಿ 1873-74ರಲ್ಲಿ ಬ್ಯೂಲರನೊಡನೆ ರಾಜಸ್ಥಾನದಲ್ಲಿ ಸಂಚರಿಸಿ ಜೈಸಲ್ಮೇರದ ಭಂಡಾರವನ್ನು ಕಂಡನು. ಗುಜರಾತ್, ರಾಜಸ್ಥಾನಗಳ ಹಸ್ತಪ್ರತಿಗಳು ಮುಂಬಯಿಯ ಸರ್ಕಾರಿ ಸಂಗ್ರಹಕ್ಕೂ ಯುರೋಪಿನ ಗ್ರಂಥಾಲಯಗಳಿಗೂ ತಲುಪಿದವು. ಅದರ ಪರಿಣಾಮವಾಗಿ ವಿದೇಶದ ಗ್ರಂಥಗಳಲ್ಲಿ ಮೂಡಿದ ಜೈನಧರ್ಮದ ಚಿತ್ರವು ಹೆಚ್ಚಾಗಿ ಶ್ವೇತಾಂಬರ ಆಗಮಗಳನ್ನು ಆಧರಿಸಿತು. ದಕ್ಷಿಣದ ದಿಗಂಬರ ಶ್ರಾವಕನು ಆ ಚಿತ್ರದಲ್ಲಿ ತನ್ನ ಮುಖವನ್ನು ಪೂರ್ಣವಾಗಿ ಕಾಣಲಾರದವನಾದನು.

ಅದೇ ಕಾಲದಲ್ಲಿ ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ದಿಗಂಬರ ಪರಂಪರೆಯ ಅಮೂಲ್ಯ ನಿಧಿಯಿತ್ತು. ಪುಷ್ಪದಂತ-ಭೂತಬಲಿಗಳ ಷಟ್ಖಂಡಾಗಮ, ಅದಕ್ಕೆ ವೀರಸೇನಾಚಾರ್ಯರು 816ರಲ್ಲಿ ಮುಗಿಸಿದ ಧವಲಾ ಟೀಕೆ, ಜಿನಸೇನಾಚಾರ್ಯರು 837ರಲ್ಲಿ ಪೂರ್ಣಗೊಳಿಸಿದ ಜಯಧವಲಾ ಟೀಕೆಗಳ ತಾಡಪತ್ರಗಳು ಅಲ್ಲಿದ್ದವು. ಭಾಷೆ ಪ್ರಾಕೃತ-ಸಂಸ್ಕೃತ, ಲಿಪಿ ಹಳಗನ್ನಡ. ಯಾತ್ರಿಕರು ದೂರದಿಂದ ಬಂದು ದರ್ಶನ ಮಾಡಿ, ಕಾಣಿಕೆ ಸಲ್ಲಿಸಿ ಹೋಗುತ್ತಿದ್ದರು, ಓದುವವರು ಇರಲಿಲ್ಲ. ಮುಂಬಯಿಯ ಸೇಠ್ ಮಾಣಿಕಚಂದ್, ಸೊಲ್ಲಾಪುರದ ಸೇಠ್ ಹೀರಾಚಂದ್ ನೇಮಚಂದ್ ಮುಂತಾದವರ ಪ್ರಯತ್ನದಿಂದ 19ನೆಯ ಶತಮಾನದ ಕೊನೆಯಲ್ಲಿ ಪ್ರತಿಮಾಡುವ ಕಾರ್ಯ ಆರಂಭವಾಯಿತು. ಗ್ರಂಥವು ಹೊರಗೆ ಹೋದರೆ ಕ್ಷೇತ್ರದ ಮಹಿಮೆ ಕುಗ್ಗೀತೆಂಬ ಅಳುಕು ಬಹುಕಾಲ ಅಡ್ಡವಾಗಿ ನಿಂತಿತು. ಕೊನೆಗೆ ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಧವಲಾ ಟೀಕೆಯ ಮೊದಲ ಸಂಪುಟ 1939ರಲ್ಲಿ ಅಚ್ಚಾಯಿತು. ಒಟ್ಟು 16 ಸಂಪುಟಗಳು ಮುಂದಿನ ಎರಡು ದಶಕಗಳಲ್ಲಿ ಹೊರಬಂದವು. ಗ್ರಂಥ ಹೊರಗೆ ಹೋದುದರಿಂದ ಮೂಡಬಿದಿರೆಯ ಮಹಿಮೆ ಕುಗ್ಗಲಿಲ್ಲ. ಕರ್ಮಸಿದ್ಧಾಂತದ ಅಧ್ಯಯನದಲ್ಲಿ ಆ ಊರಿನ ಹೆಸರು ನೆನೆಯದೆ ಮುಂದುವರಿಯಲಾಗದಂತಾಯಿತು.

ಕಲ್ಪಸೂತ್ರದ ಮುದ್ರಣಕ್ಕೂ ಧವಲಾ ಟೀಕೆಯ ಮುದ್ರಣಕ್ಕೂ ನಡುವೆ ಅರುವತ್ತು ವರ್ಷಗಳ ಅಂತರವಿದೆ. ಆ ಅರುವತ್ತು ವರ್ಷಗಳಲ್ಲಿ ದಿಗಂಬರ ಪರಂಪರೆಯ ಬಗ್ಗೆ ನಡೆದ ಅಪೂರ್ಣ ಬರವಣಿಗೆಗೆ ಬರೆದವರಷ್ಟೇ ಮುಚ್ಚಿಟ್ಟವರೂ ಹೊಣೆ. ಮುಖವನ್ನು ಮರೆಮಾಡಿದವನು ಕನ್ನಡಿಯನ್ನು ದೂರುವುದು ನ್ಯಾಯವಲ್ಲ.

ಗಣತಿಯ ಕಾಲಮು, ನ್ಯಾಯಾಲಯದ ಕಟಕಟೆ

ಗ್ರಂಥದಲ್ಲಿ ಬರೆದ ಮಾತು ವಿದ್ಯಾವಂತರನ್ನು ಮಾತ್ರ ತಟ್ಟಿತು. ಸರ್ಕಾರದ ಕಾಗದ ಪ್ರತಿಯೊಂದು ಮನೆಯನ್ನೂ ತಟ್ಟಿತು. 1891ರ ಜನಗಣತಿಯಲ್ಲಿ ದೇಶದ ಜೈನರ ಸಂಖ್ಯೆ ಸುಮಾರು 14 ಲಕ್ಷ 16 ಸಾವಿರ. 1901ರಲ್ಲಿ ಸುಮಾರು 13 ಲಕ್ಷ 34 ಸಾವಿರ. 1911ರಲ್ಲಿ ಸುಮಾರು 12 ಲಕ್ಷ 48 ಸಾವಿರ. 1921ರಲ್ಲಿ ಸುಮಾರು 11 ಲಕ್ಷ 78 ಸಾವಿರ. ಬರಗಾಲ, ಪ್ಲೇಗು, 1918ರ ಇನ್‌ಫ್ಲುಯೆಂಜಾ ಇದಕ್ಕೆ ಕಾರಣಗಳು. ಇವುಗಳ ಜೊತೆಗೆ ಅನೇಕ ಕುಟುಂಬಗಳು ಧರ್ಮದ ಕಾಲಮಿನಲ್ಲಿ ಹಿಂದೂ ಎಂದು ಬರೆಯಿಸಿದುದೂ ಒಂದು ಕಾರಣ. ಗಣತಿದಾರನ ಪ್ರಶ್ನೆ ಅವರಿಗೆ ಹೊಸದು. ಜಾತಿ ಕೇಳಿದರೆ ಒಂದು ಉತ್ತರ, ಕಸುಬು ಕೇಳಿದರೆ ಇನ್ನೊಂದು. ಧರ್ಮವೆಂದರೆ ಬಸದಿಗೆ ಹೋಗುವುದು, ರಾತ್ರಿ ಉಣ್ಣದಿರುವುದು, ನೀರು ಸೋಸಿ ಕುಡಿಯುವುದು. ಅದನ್ನು ಒಂದೇ ಪದದಲ್ಲಿ ಬರೆಯಿಸಬೇಕಾದಾಗ ಕೆಲವರು ನೆರೆಹೊರೆಯವರು ಬರೆಯಿಸಿದುದನ್ನೇ ಬರೆಯಿಸಿದರು. ಮುಂದೆ ಜೈನ ಪರಿಷತ್ತುಗಳು ‘ಜೈನ’ ಎಂದೇ ಬರೆಯಿಸಿರೆಂದು ಕರೆ ನೀಡಬೇಕಾಯಿತು.

ನ್ಯಾಯಾಲಯಗಳಲ್ಲಿಯೂ ಇದೇ ಪ್ರಶ್ನೆ ಎದ್ದಿತು. ವಿಶೇಷ ರೂಢಿಯನ್ನು ಸಾಕ್ಷಿಗಳಿಂದ ಸಿದ್ಧಪಡಿಸದಿದ್ದರೆ ಜೈನರಿಗೆ ಹಿಂದೂ ಧರ್ಮಶಾಸ್ತ್ರವೇ ಅನ್ವಯವೆಂದು ಮುಂಬಯಿ ಹೈಕೋರ್ಟು 1873ರಲ್ಲಿ ತೀರ್ಪಿತ್ತಿತು. ಮಕ್ಕಳಿಲ್ಲದ ವಿಧವೆ ಪತಿಯ ಅನುಮತಿಯಿಲ್ಲದೆ ದತ್ತು ಸ್ವೀಕರಿಸಬಹುದೆಂಬ ಜೈನರ ರೂಢಿಯನ್ನು ಪ್ರಿವಿ ಕೌನ್ಸಿಲ್ 1878ರಲ್ಲಿ ಒಪ್ಪಿದುದು ಸಾಕ್ಷಿಗಳ ಹೇಳಿಕೆಯ ಬಲದಿಂದಲೇ. ತುಳುನಾಡಿನ ಜೈನರಲ್ಲಿ ಅಳಿಯಸಂತಾನ, ಉತ್ತರದವರಲ್ಲಿ ಮಗನಿಗೆ ಹಕ್ಕು. ಹೀಗಿರುವಾಗ ಜೈನರ ಕಾನೂನು ಯಾವುದೆಂದು ಕೇಳಿದರೆ ಒಂದೇ ಉತ್ತರ ಕೊಡುವುದು ಸುಲಭವಾಗಿರಲಿಲ್ಲ. 1927ರಲ್ಲಿ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಕುಮಾರಸ್ವಾಮಿ ಶಾಸ್ತ್ರಿಗಳು ಜೈನರನ್ನು ಹಿಂದೂಧರ್ಮದಿಂದ ಒಡೆದವರೆಂದು ತಿಳಿಯುವುದು ಸಂಶೋಧನೆಗೆ ವಿರುದ್ಧವೆಂದೂ, ಅವರ ಧರ್ಮದ ಇತಿಹಾಸ ಸ್ಮೃತಿಗಳಿಗಿಂತ ಹಿಂದಿನದೆಂದೂ ಅಭಿಪ್ರಾಯಪಟ್ಟರು.

ಸ್ವತಂತ್ರ ಭಾರತದಲ್ಲಿ 1955-56ರ ವಿವಾಹ, ಉತ್ತರಾಧಿಕಾರ ಕಾಯಿದೆಗಳು ಜೈನರನ್ನು ಹಿಂದೂಗಳೊಡನೆ ಸೇರಿಸಿದವು. 2014ರ ಜನವರಿಯಲ್ಲಿ ಕೇಂದ್ರ ಸರ್ಕಾರ ಅವರನ್ನು ರಾಷ್ಟ್ರೀಯ ಅಲ್ಪಸಂಖ್ಯಾತರೆಂದು ಘೋಷಿಸಿತು. 2011ರ ಗಣತಿಯಲ್ಲಿ ದೇಶದ ಜೈನರು 44,51,753, ಕರ್ನಾಟಕದವರು 4,40,280. ಒಂದೇ ಪ್ರಭುತ್ವವು ಒಂದು ಕಾರ್ಯಕ್ಕೆ ಒಂದು ದೃಷ್ಟಿಯನ್ನೂ ಇನ್ನೊಂದಕ್ಕೆ ಇನ್ನೊಂದನ್ನೂ ತಳೆದಿದೆ. ನಯವಾದವನ್ನು ಬಲ್ಲವರಿಗೆ ಇದು ಆಶ್ಚರ್ಯದ ಸಂಗತಿಯಲ್ಲ. ಇವುಗಳಲ್ಲಿ ಒಂದನ್ನು ಹಿಡಿದು ಇದೇ ಜೈನತ್ವವೆನ್ನುವುದು ಮಾತ್ರ ಏಕಾಂತವಾದೀತು.

ಹೊಗಳಿಕೆಯ ಎರಡು ಮುಖ

ಕರ್ನಾಟಕದಲ್ಲಿ ಸಮಾಜಕ್ಕೆ ದೊರೆತ ದೊಡ್ಡ ಗೌರವ ಸಾಹಿತ್ಯದ ಮೂಲಕ ಬಂದಿತು. ಲೂಯಿ ರೈಸ್ 1889ರಲ್ಲಿ ಶ್ರವಣಬೆಳಗೊಳದ ಶಾಸನಗಳನ್ನೂ 1898ರಲ್ಲಿ ಪಂಪಭಾರತವನ್ನೂ ಪ್ರಕಟಿಸಿದನು. ಕವಿರಾಜಮಾರ್ಗವನ್ನು ಕೆ.ಬಿ. ಪಾಠಕರು ಅದೇ ವರ್ಷ ಹೊರತಂದರು. ಆರ್. ನರಸಿಂಹಾಚಾರ್ಯರ ‘ಕರ್ಣಾಟಕ ಕವಿಚರಿತೆ’ಯ ಮೊದಲ ಸಂಪುಟ 1907ರಲ್ಲಿ ಬಂದಿತು. ಡಿ.ಎಲ್. ನರಸಿಂಹಾಚಾರ್ಯರು ವಡ್ಡಾರಾಧನೆಯನ್ನು ಸಂಪಾದಿಸಿದರು. ಇವರು ಯಾರೂ ಜೈನರಲ್ಲ. ಪಂಪ, ರನ್ನ, ಜನ್ನರನ್ನು ಸಮಾಜವು ಮರೆತಿದ್ದ ಕಾಲದಲ್ಲಿ ಧೂಳು ಕೊಡವಿ ಎತ್ತಿಕೊಟ್ಟವರು ಇವರು. ಈ ಋಣವನ್ನು ಕೃತಜ್ಞತೆಯಿಂದ ನೆನೆಯಬೇಕು.

ಆದರೆ ಅದೇ ಸಾಹಿತ್ಯಚರಿತ್ರೆಯು 12ನೆಯ ಶತಮಾನದವರೆಗಿನ ಕಾಲವನ್ನು ‘ಜೈನಯುಗ’ವೆಂದು ಕರೆದು, ಆ ಬಳಿಕ ಇತರ ಯುಗಗಳನ್ನು ಆರಂಭಿಸಿತು. ಯುಗವೊಂದು ಮುಗಿಯಿತೆಂದ ಮೇಲೆ ಅದಕ್ಕೆ ಸೇರಿದವರೂ ಗತಕಾಲದವರಾಗುತ್ತಾರೆ. 1209ರಲ್ಲಿ ಯಶೋಧರಚರಿತೆ ಬರೆದ ಜನ್ನ, 16ನೆಯ ಶತಮಾನದ ರತ್ನಾಕರವರ್ಣಿ, 1604ರ ಭಟ್ಟಾಕಲಂಕ, 1838ರ ದೇವಚಂದ್ರ ಇವರೆಲ್ಲರೂ ಆ ಹೆಸರಿನ ಹೊರಗೆ ಉಳಿದರು. ಸಮಾಜವೂ ಆ ವಿಭಜನೆಯನ್ನು ಒಪ್ಪಿ, ವೈಭವವೆಲ್ಲ ಗಂಗ-ರಾಷ್ಟ್ರಕೂಟರ ಕಾಲದ್ದೆಂದೂ ಈಗ ಉಳಿದಿರುವುದು ಸ್ಮರಣೆ ಮಾತ್ರವೆಂದೂ ಸಭೆಗಳಲ್ಲಿ ಹೇಳತೊಡಗಿತು. ಸತ್ಕಾರವು ಪರೀಷಹವಾಗುವುದು ಹೀಗೆ.

ಇನ್ನೊಂದು ಜನಪ್ರಿಯ ಚಿತ್ರ ಜೈನನೆಂದರೆ ಸಿರಿವಂತ ವರ್ತಕನೆಂಬುದು. ಬೆಳಗಾವಿ ಸೀಮೆಯ ಹೊಲಗಳಲ್ಲಿ ತಲೆತಲಾಂತರದಿಂದ ಉತ್ತು ಬಿತ್ತಿದ ಸಾವಿರಾರು ಜೈನ ಮನೆತನಗಳನ್ನು ಈ ಚಿತ್ರ ಕಾಣುವುದಿಲ್ಲ. ಶೇಡಬಾಳದ ಮಿರ್ಜಿ ಅಣ್ಣಾರಾಯರ ‘ನಿಸರ್ಗ’ ಕಾದಂಬರಿಯಲ್ಲಿ ಕಾಣುವುದು ಆ ಒಕ್ಕಲುತನದ ಬದುಕು. 20ನೆಯ ಶತಮಾನದಲ್ಲಿ ದಿಗಂಬರ ಮುನಿಪರಂಪರೆಗೆ ಮತ್ತೆ ಚೈತನ್ಯ ತಂದ ಆಚಾರ್ಯ ಶಾಂತಿಸಾಗರರೂ ಭೋಜ ಗ್ರಾಮದ ಪಾಟೀಲ ಮನೆತನದವರು, ಕೃಷಿಕರ ಮನೆಯವರು. 1920ರಲ್ಲಿ ಮುನಿದೀಕ್ಷೆ ಪಡೆದು, 1927ರಿಂದ ಉತ್ತರಭಾರತದಲ್ಲಿ ಕಾಲ್ನಡೆಯಿಂದ ವಿಹಾರಮಾಡಿದರು. ದಿಗಂಬರತ್ವವನ್ನು ಕಂಡು ನಾಚುವವರೂ ಆಕ್ಷೇಪಿಸುವವರೂ ಇದ್ದ ಕಾಲವದು. ಸುಶಿಕ್ಷಿತ ಜೈನರಲ್ಲಿಯೇ ಕೆಲವರು ಲೋಕ ಏನೆಂದೀತೆಂದು ಸಂಕೋಚಪಡುತ್ತಿದ್ದರು. ನಾಗ್ನ್ಯವೂ ಆಕ್ರೋಶವೂ ಸತ್ಕಾರವೂ ಒಂದೇ ಪಟ್ಟಿಯ ಪರೀಷಹಗಳೆಂದು ಬಲ್ಲ ಮುನಿಗೆ ಲೋಕದ ಮಾತು ದಾರಿಯನ್ನು ಬದಲಿಸುವ ಕಾರಣವಾಗಲಿಲ್ಲ.

ಶ್ರಾವಕನ ಕರ್ತವ್ಯ

ಪರದೃಷ್ಟಿಯನ್ನು ತಿರಸ್ಕರಿಸಬೇಕೆಂಬುದು ಈ ಇತಿಹಾಸದ ಪಾಠವಲ್ಲ. ಮೆಕೆಂಜಿಯ ಪ್ರಶ್ನೆಯಿಲ್ಲದೆ ರಾಜಾವಳಿಕಥೆ ಬರುತ್ತಿತ್ತೋ ಇಲ್ಲವೋ. ಯಾಕೋಬಿಯಿಲ್ಲದೆ ಲಾಸೆನ್ನನ ತಪ್ಪು ಇನ್ನೂ ಬಹುಕಾಲ ಉಳಿಯುತ್ತಿತ್ತು. ಪರರ ನೋಟವೂ ಒಂದು ನಯ. ನಯವು ವಸ್ತುವಿನ ಒಂದು ಅಂಶವನ್ನು ಸತ್ಯವಾಗಿಯೇ ತೋರಿಸುತ್ತದೆ; ಇತರ ನಯಗಳನ್ನು ಅಲ್ಲಗಳೆದಾಗ ಮಾತ್ರ ದುರ್ನಯವಾಗುತ್ತದೆ. ಆ ನೋಟವನ್ನು ಅಳೆಯಲು ಬೇಕಾದ ಸ್ವಂತ ಜ್ಞಾನವಿಲ್ಲದವನಿಗೆ ನಿಂದೆ, ಸ್ತುತಿ ಎರಡೂ ಸಮಾನವಾಗಿ ಅಪಾಯಕರ.

ಆ ಜ್ಞಾನವನ್ನು ಬೆಳೆಸುವ ಹೊಣೆ ಮನೆಗಳ ಮೇಲೂ ಬಸದಿಗಳ ಆಡಳಿತ ಮಂಡಳಿಗಳ ಮೇಲೂ ಇದೆ. ಜೀರ್ಣೋದ್ಧಾರಕ್ಕೆ ಸಲ್ಲುವ ಧನದಲ್ಲಿ ಒಂದು ಪಾಲು ಓಲೆಗರಿಗಳ ಪಟ್ಟಿ, ರಕ್ಷಣೆ, ಪ್ರಕಟಣೆಗಳಿಗೆ ಸಂದರೆ ಮತ್ತೊಂದು ಅರುವತ್ತು ವರ್ಷಗಳ ವಿಳಂಬ ತಪ್ಪುತ್ತದೆ. ಮಕ್ಕಳು ಶಾಲೆಯ ಅರ್ಜಿಯಲ್ಲಿ ‘ಜೈನ’ ಎಂದು ಬರೆಯುವುದರ ಜೊತೆಗೆ ಆ ಪದದ ಅರ್ಥವನ್ನು ಸಹಪಾಠಿಗೆ ಎರಡು ಮಾತುಗಳಲ್ಲಿ ಹೇಳಬಲ್ಲವರಾಗಬೇಕು.

ಇದಕ್ಕೆ ಮಾದರಿ ದೂರದಲ್ಲಿಲ್ಲ. ಬೆಳಗಾವಿ ಜಿಲ್ಲೆಯ ಸದಲಗಾದಲ್ಲಿ 1906ರಲ್ಲಿ ಜನಿಸಿದ ಆ.ನೇ. ಉಪಾಧ್ಯೆಯವರು ಪಾಶ್ಚಾತ್ಯರ ಸಂಪಾದನ ಕ್ರಮವನ್ನು ಕಲಿತು, 1935ರಲ್ಲಿ ಕುಂದಕುಂದಾಚಾರ್ಯರ ಪ್ರವಚನಸಾರವನ್ನು ವಿಸ್ತಾರವಾದ ಇಂಗ್ಲಿಷ್ ಪೀಠಿಕೆಯೊಡನೆ ಪ್ರಕಟಿಸಿದರು. ಧವಲಾ ಟೀಕೆಯ ಪ್ರಕಟಣೆಯಲ್ಲಿಯೂ ಅವರ ಸಹಕಾರವಿತ್ತು. 1967ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನವು ಶ್ರವಣಬೆಳಗೊಳದಲ್ಲಿ ಸೇರಿದಾಗ ಅಧ್ಯಕ್ಷ ಪೀಠದಲ್ಲಿ ಅವರು ಕುಳಿತರು. ಹಿಕ್ಕಿಯ ಚಿತ್ರದಲ್ಲಿ ಅಧಿಕಾರಿಯ ಹಿಂದೆ ನಿಂತಿದ್ದ ಧರ್ಮಯ್ಯನ ಕಾಲದಿಂದ ಅಲ್ಲಿಗೆ ನೂರೈವತ್ತು ವರ್ಷಗಳು ಸಂದಿದ್ದವು. ಆ ದೂರವನ್ನು ಕ್ರಮಿಸಲು ನೆರವಾದುದು ಪರರ ಮೇಲಿನ ಕೋಪವಲ್ಲ, ಶಾಸ್ತ್ರಾಭ್ಯಾಸ.